ಅಳಗುಳಿ ಮಣೆಗೆ ಬಂದ ಕಾರ್ಡುಗಳು

ಪಿಯುಸಿ ಮುಗಿದ ವರ್ಷ ಅಪ್ಪ ನನ್ನನ್ನು ಸಕಲೇಶಪುರದ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದರು. ಡಿಗ್ರಿಗೆಂದು ಹಾಸನಕ್ಕೆ ಕಳಿಸುವ ಮನಸ್ಸು ಅವರಿಗಿರಲಿಲ್ಲ, ಮನೆಯಲ್ಲಿ ಸುಮ್ಮನೆ ಕೂರುವ ಮನಸ್ಸು ನನಗಿರಲಿಲ್ಲ. ಪಾಳ್ಯದ ಹತ್ತಿರದ ನಮ್ಮ ಊರಿಂದ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಎರಡೇ ಕಂಪ್ಯೂಟರ್, ಒಂದೊಂದರ ಮುಂದೆ ಇಬ್ಬಿಬ್ಬರು. ನನ್ನ ಜೊತೆ ಕೂತವಳು ಹೆತ್ತೂರು ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರ ಮಗಳು. ಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ನಾನು ಟೈಪ್ ಮಾಡಬೇಕು, ಅವಳು ಮಾತಾಡಬೇಕು, ಹಾಗಿತ್ತು ನಮ್ಮ ಜೋಡಿ. ಮಧ್ಯಾಹ್ನ ನನ್ನ ಡಬ್ಬಿಯ ಅಕ್ಕಿರೊಟ್ಟಿ ಅವಳಿಗೆ, ಅವಳ ಚಿತ್ರಾನ್ನ ನನಗೆ.

ಪಾಠ ಮುಗಿದ ಮೇಲೆ ಸರ್ ಫ್ಲಾಪಿಯಲ್ಲಿದ್ದ ಆಟಗಳನ್ನು ಆಡಲು ಬಿಡುತ್ತಿದ್ದರು. ಕಪ್ಪು ಪರದೆಯ ಮೇಲೆ ಆಟದ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಗುಹೆ, ಏಣಿ, ಹಾರಿ ಹಾರಿ ಓಡುವ ಒಬ್ಬ ಪುಟ್ಟ ಮನುಷ್ಯ. ಮೊದಲ ಭಾಗ ಮುಗಿಯುತ್ತಲೇ ಆಟ ನಿಂತು, ಇಂಗ್ಲಿಷಿನಲ್ಲಿ ಒಂದು ಪುಟ ಬರುತ್ತಿತ್ತು.

“ಇದಕ್ಕೆ ಶೇರ್‌ವೇರ್ ಅಂತಾರೆ,” ಎಂದರು ಸರ್. “ಇಷ್ಟು ಪುಕ್ಕಟೆ. ನೀವೂ ಕಾಪಿ ಮಾಡಿ ನಾಲ್ಕು ಜನಕ್ಕೆ ಕೊಡಿ, ಇಷ್ಟ ಆದ್ರೆ ನಮಗೆ ಬರೀರಿ ಅಂತ ಹಾಕವ್ರೆ.”

ಕೆಳಗೆ ಆಟ ಬರೆದವನ ಹೆಸರು, ಯಾವುದೋ ದೇಶದ ವಿಳಾಸ. ಗುರುತಿಲ್ಲದವರ ಕೈಗೆ ತನ್ನ ಕೆಲಸ ಕೊಟ್ಟು, ಬರೆಯುತ್ತಾರೆ ಎಂದು ನಂಬಿ ಕೂತ ಆ ಮನುಷ್ಯನ ಮೇಲೆ ನನಗೆ ಪ್ರೀತಿಯೇ ಹುಟ್ಟಿತು. ನಾನೂ ಹಾಗೊಂದು ಮಾಡಬೇಕು ಅನ್ನಿಸಿತು.

ನನಗೆ ಚೆನ್ನಾಗಿ ಗೊತ್ತಿದ್ದ ಆಟ ಅಳಗುಳಿ ಮಣೆ. ಹದಿನಾಲ್ಕು ಗುಳಿ, ಹುಣಸೆ ಬೀಜ. ಅಜ್ಜಿಯ ಜೊತೆ ಆಡಿ ಆಡಿ ಕೈಗೆ ಬಂದಿತ್ತು. ಸರ್ ಕಲಿಸಿದ ಕಂಪ್ಯೂಟರ್ ಭಾಷೆ ಬೇಸಿಕ್‌ನಲ್ಲಿ ಅದನ್ನು ಬರೆಯತೊಡಗಿದೆ. ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಸಾಲು ಸಾಲು ಬರೆದುಕೊಂಡು ಬಂದು ಕ್ಲಾಸಿನಲ್ಲಿ ಟೈಪ್ ಮಾಡುವುದು, ತಪ್ಪು ಬಂದರೆ ಮತ್ತೆ ನೋಟ್‌ಬುಕ್ಕು. ಮೂರು ತಿಂಗಳು ಹಿಡಿಯಿತು. ಗೆಳತಿ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಾ, “ಗುಳಿಗೆ ಹಸಿರು ಬಣ್ಣ ಹಾಕೇ, ಚೆಂದ ಕಾಣ್ತದೆ,” ಎಂದಿದ್ದಳು. ಹಾಕಿದೆ.

ಮೊದಲ ಪುಟದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ: ಈ ಆಟ ಎಲ್ಲರಿಗೂ ಹಂಚಿ, ಇಷ್ಟವಾದರೆ ಒಂದು ಕಾರ್ಡು ಹಾಕಿ. ಕೆಳಗೆ ನನ್ನ ಹೆಸರು, ಊರು, ಅಂಚೆ.

ಹಂಚುವ ಕೆಲಸ ಅವಳು ವಹಿಸಿಕೊಂಡಳು. “ನನ್ ಕಸಿನ್ಸು ಹಾಸನ, ಮಂಗಳೂರು ಎಲ್ಲಾ ಕಡೆ ಅವ್ರೆ ಕಣೇ. ನೀನು ಊರಲ್ಲಿ ಯಾರಿಗೆ ಕೊಡ್ತಿಯಾ, ಎಮ್ಮೆಗಾ?” ನಿಜವೇ. ನಮ್ಮೂರಲ್ಲಿ ಕಂಪ್ಯೂಟರ್ ಇರಲಿಲ್ಲ. ಕ್ಲಾಸಿನಲ್ಲಿ ಒಂದು ಕಾಪಿ ಇಟ್ಟು ಫ್ಲಾಪಿಯನ್ನೇ ಕೊಟ್ಟೆ.

ಆಮೇಲೆ ಕಾದೆ. ಪೋಸ್ಟಿನವರ ಸೈಕಲ್ಲು ಕಂಡರೆ ಕಣದಿಂದಲೇ ಕೂಗುತ್ತಿದ್ದೆ, “ಅಣ್ಣಾ, ನಂಗೇನಾದ್ರೂ ಬಂದೈತಾ?” ಬಂದಿಲ್ಲ ಎಂದು ತಲೆಯಾಡಿಸಿ ಹೋಗುತ್ತಿದ್ದರು. ಮಾಗಿ ಕಳೆಯಿತು, ಕಾಫಿ ಹೂವಾಯಿತು. ಒಂದು ಕಾರ್ಡೂ ಬರಲಿಲ್ಲ. ಆಟ ಯಾರಿಗೂ ಹಿಡಿಸಲಿಲ್ಲ ಎಂದುಕೊಂಡೆ. ಗೆಳತಿಯನ್ನು ಕೇಳಿದರೆ, “ಜನ ಆಡ್ತಾರೆ ಕಣೇ, ಬರಿಯಾಕೆ ಸೋಮಾರಿಗಳು,” ಎಂದಳು.

ಕ್ಲಾಸು ಮುಗಿದ ಮೇಲೆ ಅವಳ ಮದುವೆ ಗೊತ್ತಾಯಿತು. ಒಂದು ದಿನ ಬಂದು ಹೋಗೆಂದು ಕರೆದಳು. ಹೆತ್ತೂರಿನಲ್ಲಿ ಬಸ್ಸಿಳಿದು ಎಸ್ಟೇಟಿನ ರೈಟರ್ ಮನೆಗೆ ಹೋದೆ. ಅವಳು ಕಾಫಿ ಮಾಡಲು ಒಳಗೆ ಹೋದಾಗ ಅವಳಮ್ಮ ನನ್ನ ಪಕ್ಕ ಕೂತು, ಗೋಡೆಯ ಗೂಡಿನಿಂದ ಒಂದು ಕಟ್ಟು ತೆಗೆದರು.

“ನೋಡವ್ವ, ನಮ್ ಹುಡ್ಗಿ ಕಂಪ್ಯೂಟರಲ್ಲಿ ಅದೇನೋ ಅಳಗುಳಿ ಮಣೆ ಮಾಡವ್ಳಂತೆ. ಎಲ್ಲೆಲ್ಲಿಂದ ಕಾಗ್ದ ಬರ್ದವ್ರೆ! ಗಂಡಿನ ಕಡೆಯೋರ್ಗೂ ತೋರ್ಸ್ದೆ.”

ಎಲ್ಲ ಕಾರ್ಡಿನ ಮೇಲೂ ಅವಳ ಹೆಸರು, ಈ ಮನೆಯ ವಿಳಾಸ. ಬೇಸಿಕ್‌ನಲ್ಲಿ ಬರೆದದ್ದನ್ನು ಯಾರು ಬೇಕಾದರೂ ತೆರೆದು ಎರಡು ಸಾಲು ತಿದ್ದಬಹುದಿತ್ತು. ಅವಳಿಗೆ ಅಷ್ಟು ಬರುತ್ತಿತ್ತು.

ಅವಳು ಲೋಟ ಹಿಡಿದು ಬಾಗಿಲಲ್ಲಿ ನಿಂತಳು. ನನ್ನ ಮಡಿಲಲ್ಲಿದ್ದ ಕಾರ್ಡುಗಳನ್ನು ನೋಡಿದಳು. ಅವಳಮ್ಮ ನಗುತ್ತಿದ್ದರು. ನಾನು, “ಚೆನ್ನಾಗೈತೆ ಅಮ್ಮ,” ಎಂದೆ. ನನಗೆ ಇಂದಿಗೂ ಉರಿಯುವುದು ನನ್ನದೇ ಆ ಮಾತಿಗೆ.

ಬಸ್ಸಿಗೆ ಬಿಡಲು ಅವಳು ಜೊತೆಗೆ ಬಂದಳು. ನಾನೇ ಕೇಳಿದೆ, “ಯಾಕೆ ಹಿಂಗ್ ಮಾಡ್ದೆ?”

“ನೀನು ಇನ್ನೊಂದು ಮಾಡ್ಬೋದು ಕಣೇ. ನಂಗೆ ಏನ್ ಬರ್ತದೆ ಹೇಳು? ಮನೇಲಿ ಒಂದ್ಸಲನಾದ್ರೂ ಹೊಗಳ್ಲಿ ಅನ್ನಿಸ್ತು.”

“ನಾನು ದಿನಾ ಪೋಸ್ಟಿಗೆ ಕಾಯ್ತಿದ್ದದ್ದು ನಿಂಗೆ ಗೊತ್ತಿತ್ತು.”

ಹೆಸರು ಹೋದದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ನೋಯಿಸಿದ್ದು: ನಾನು ಕಾಯುವುದನ್ನು ನೋಡುತ್ತಾ, ಜನ ಸೋಮಾರಿಗಳೆಂದು ಸಮಾಧಾನ ಹೇಳಿದ್ದು. ಮದುವೆಗೆ ನಾನು ಹೋಗಲಿಲ್ಲ.

ಒಂದು ಕಾರ್ಡನ್ನು ಮಾತ್ರ ಅಲ್ಲಿಂದ ಎತ್ತಿಕೊಂಡು ಬಂದಿದ್ದೆ. ನಿವೃತ್ತ ಮೇಷ್ಟರೊಬ್ಬರು ಬರೆದದ್ದು. ಮೂಲೆಯ ಗುಳಿ ಖಾಲಿಯಿದ್ದಾಗ ಆಡುವವರಿಗೆ ಸಿಗಬೇಕಾದ ಆಚೆ ಸಾಲಿನ ಬೀಜ ನಿಮ್ಮ ಆಟದಲ್ಲಿ ಕೈಗೆ ಬರುವುದಿಲ್ಲ, ದಯವಿಟ್ಟು ತಿದ್ದಿ, ಎಂದಿದ್ದರು. ಅವರು ಹೇಳಿದ್ದು ಸರಿಯಾಗಿತ್ತು. ಸರ್ ಹತ್ತಿರ ಹೋಗಿ ನಾಲ್ಕು ದಿನ ಕೂತು ತಿದ್ದಿದೆ. ನನ್ನ ಹೆಸರು ಹಾಕಿ, ಗೆಳತಿಗೆ ನೀವು ಬರೆದದ್ದು ನೋಡಿ ತಿದ್ದಿದ್ದೇನೆ ಎಂಬ ಚೀಟಿಯ ಜೊತೆ ಹೊಸ ಫ್ಲಾಪಿಯನ್ನು ರಟ್ಟಿನ ನಡುವೆ ಇಟ್ಟು ಅವರಿಗೆ ಕಳಿಸಿದೆ.

ಉತ್ತರ ಬಂತು. ನನ್ನ ವಿಳಾಸಕ್ಕೆ ಬಂದ ಮೊದಲ ಕಾರ್ಡು. “ಈಗ ಆಟ ಸರಿಯಾಗಿದೆ. ನಿಮ್ಮ ಗೆಳತಿಯ ಪರವಾಗಿ ಶ್ರಮಪಟ್ಟು ತಿದ್ದಿ ಕಳಿಸಿದ್ದಕ್ಕೆ ವಂದನೆಗಳು. ಆದರೆ ಮೊದಲು ಮಾಡಿದವರ ಹೆಸರು ತೆಗೆಯಬಾರದಿತ್ತು.”

ನಾನು ಆವತ್ತೇ ಇನ್‌ಲ್ಯಾಂಡ್ ಲೆಟರಿನಲ್ಲಿ ನಡೆದದ್ದನ್ನೆಲ್ಲ ಬರೆದು ಹಾಕಿದೆ. ಅವರು ಅದನ್ನು ನಂಬಿದರೋ, ಇಲ್ಲ ನನ್ನನ್ನೇ ಕಳ್ಳಿ ಎಂದುಕೊಂಡರೋ, ಗೊತ್ತಾಗಲಿಲ್ಲ. ಮತ್ತೆ ಅವರು ಬರೆಯಲಿಲ್ಲ.