ಮೂತಿ ತಗ್ಗಿಸಿದ ಲಾರಿ

ಚಳ್ಳಕೆರೆಯ ತಿಪ್ಪೇರುದ್ರನಿಗೆ ಲಾರಿ ಎಂದರೆ ದುಡಿಸುವ ಗಾಡಿಯಲ್ಲ, ಮೆರೆಸುವ ಗಾಡಿ. ಉದ್ದ ಮೂತಿಯ ಹಳೇ ಲಾರಿಯೊಂದನ್ನು ತಂದು, ಮುಂದಿನ ಚಕ್ರಗಳ ಕಮಾನು ಸ್ಪ್ರಿಂಗಿನಿಂದ ಎರಡು ಪಟ್ಟಿ ಕಿತ್ತು, ಗುದ್ದಲು ಹೊರಟ ಹೋರಿಯ ಹಾಗೆ ಅದರ ಮೂತಿ ತಗ್ಗಿಸಿದ್ದಾನೆ. ಅಂದಿನಿಂದ ಮೊಳಕಾಲ್ಮೂರು ರಸ್ತೆಯ ಒಂದೊಂದು ರೋಡ್ ಹಂಪ್‌ಗೂ ಬಂಪರ್ ಉಜ್ಜುತ್ತದೆ. ಇವನು ಇಳಿದು ನೋಡಿ, "ರೋಡೇ ಎತ್ತರ ಐತೆ" ಎನ್ನುತ್ತಾನೆ. ಲೋಡು ಹಾಕಿದರೆ ಹಿಂಭಾಗ ಕುಸಿದು ಮೂತಿ ಮತ್ತೆ ಮೇಲೇಳುತ್ತದಂತೆ, ಅದಕ್ಕೇ ಬಾಡಿಗೆ ಒಪ್ಪುವುದಿಲ್ಲ. ಅವನ ಹೊಲದ ಶೇಂಗಾ ಕೂಡ ಮಂಡಿಗೆ ಹೋಗುವುದು ಪಕ್ಕದ ಮನೆ ಬೋರಯ್ಯನ ಟ್ರ್ಯಾಕ್ಟರಿನಲ್ಲಿ. ಅದರ ಹಿಂದೆ ಹಾರನ್ ಒತ್ತುತ್ತ ಖಾಲಿ ಲಾರಿಯಲ್ಲಿ ಯಜಮಾನರ ಸವಾರಿ. ಹೆಂಡತಿ ಸೂರಮ್ಮ ನಾಚಿಕೆಗೆ ಟ್ರ್ಯಾಕ್ಟರಿನ ಮೂಟೆಗಳ ಮೇಲೆಯೇ ಕೂರುತ್ತಾಳೆ. ಹೋದ ಸುಗ್ಗಿಯಲ್ಲಿ ಅವನ ಗೆಳೆಯನಾದ ನಾನೇ ಮೈಯುರಿದು ಕೇಳಿಯೇಬಿಟ್ಟೆ: "ಹತ್ತು ಮೂಟೆನಾದ್ರೂ ಹೇರ್ಕೊಳ್ಳೋ, ಏನಾಗ್ತೈತೆ?" ಅವನು ಅಂಗಿ ಬಿಚ್ಚಿ, ಅದರಲ್ಲೇ ಲಾರಿ ಒರೆಸುತ್ತಿದ್ದ. ಅದೇ ಮಂಡಿಯಲ್ಲಿ ವರ್ಷಗಟ್ಟಲೆ ಹಮಾಲಿ ಮಾಡಿದ ಬೆನ್ನು. ಕತ್ತಿನ ಕೆಳಗೆ ಮೂಟೆ ಕೂತು ಕೂತು ಚರ್ಮ ಕಪ್ಪಗೆ ದಡ್ಡುಗಟ್ಟಿತ್ತು. ತಿರುಗಿ ನೋಡದೆಯೇ ಹೇಳಿದ: "ಅದೂ ಬಾಳ ವರ್ಸ ಹೊತ್ತೈತೆ ಕಣಲೇ. ಇನ್ನು ಸುಮ್ನೆ ತಿರುಗಾಡ್ಲಿ."