ಇಂಜಿನ್ನಿನ ಹಣೆ

ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಬಸ್ಸು ನಿಲ್ಲುವ ಬೇವಿನ ಮರದ ಹಿಂದೆ ಹಿಟ್ಟಿನ ಗಿರಣಿ, ಅದರೊಳಗೆ ಒಂದು ಹಳೆಯ ಡೀಸೆಲ್ ಇಂಜಿನ್. ಒಂದೇ ಸಿಲಿಂಡರ್, ಎರಡು ಕಡೆ ಎರಡು ಭಾರಿ ಚಕ್ರ, ತಲೆಯ ಮೇಲೆ ಟ್ಯಾಂಕು. ಅಜ್ಜ ತಂದದ್ದು, ಅಪ್ಪ ನಡೆಸಿದ. ಅಪ್ಪ ಸತ್ತ ಮೇಲೆ ಎರಡು ವರ್ಷ ಅವ್ವ ನಡೆಸಿದಳು. ಆಮೇಲೆ ದೊಡ್ಡಪ್ಪ ಅದನ್ನು ಅವಳಿಂದ ಕಿತ್ತುಕೊಂಡ.

ನಮ್ಮಲ್ಲಿ ಬೆಳಿಗ್ಗೆ ಸ್ನಾನವಾದ ಕೂಡಲೇ ಇಂಜಿನ್ನಿಗೂ ವಿಭೂತಿ ಹಚ್ಚುತ್ತಾರೆ. ಟ್ಯಾಂಕಿನ ಮುಚ್ಚಳ ಎಲ್ಲಕ್ಕಿಂತ ಎತ್ತರದಲ್ಲಿರುವುದರಿಂದ ಅದೇ ಇಂಜಿನ್ನಿನ ಹಣೆ. ಅಪ್ಪ ಮೂರು ಬೆರಳು ಎಳೆದು, ಮರುಗಳಿಗೆಯಲ್ಲೇ ಹೆಬ್ಬೆರಳಿನಿಂದ ಮುಚ್ಚಳದ ನಡುವನ್ನು ಒರೆಸುತ್ತಿದ್ದ. ಅವ್ವ ಅದನ್ನೇ ಕಲಿತು ಸೆರಗಿನ ತುದಿಯಿಂದ ಒರೆಸುತ್ತಿದ್ದಳು. ಯಾಕೆ ಎಂದು ಕೇಳಿದರೆ “ಉಸಿರಾಡ್ಲಿ ಬಿಡು” ಅನ್ನುತ್ತಿದ್ದಳು, ಅಷ್ಟೇ.

ಅವ್ವ ನಡೆಸಿದ ಎರಡನೆಯ ವರ್ಷದ ಆಯುಧಪೂಜೆಯ ದಿನ ಗಿರಣಿಯ ತುಂಬ ಜನ. ದೊಡ್ಡಪ್ಪ ತಾನೇ ವಿಭೂತಿ ಹಚ್ಚಿ ಕಾಯಿ ಒಡೆದ. ಅವ್ವ ರೂಢಿಯಂತೆ ಮುಂದೆ ಬಂದು ಸೆರಗಿನಿಂದ ಮುಚ್ಚಳ ಒರೆಸಿದಳು. ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ:

“ನಿನ್ನ ಹಣಿ ಅಳಿಸ್ಕೊಂಡಿದ್ದು ಸಾಲ್ಲಿಲ್ಲೇನು? ಈಗ ಇಂಜಿನ್ ಹಣೀನೂ ಅಳಿಸ್ತೀಯೇನು?”

ಮೂರು ನಾಲ್ಕು ಜನ ಹೌದೆಂಬಂತೆ ತಲೆಯಾಡಿಸಿದರು. ಅವ್ವ ಗಿರಣಿಯ ಕೀಲಿಯನ್ನು ತೂಕದ ತಕ್ಕಡಿಯಲ್ಲಿಟ್ಟು ಹೊರಗೆ ಬಂದಳು. ನಾನಾಗ ಹತ್ತನೆಯ ತರಗತಿಯಲ್ಲಿದ್ದೆ. ಅವತ್ತಿನ ಡೈರಿಯಲ್ಲಿ ತಾರೀಖು ಹಾಕಿ ಆ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡೆ. ತಲೆಯಾಡಿಸಿದವರು ಯಾರ‍್ಯಾರು ಎಂಬುದನ್ನೂ ಬರೆದುಕೊಂಡೆ.

ಅಂದಿನಿಂದ ಅವ್ವ ಜೋಳದ ರೊಟ್ಟಿ ಮಾಡಿ ಕೊಟ್ಟೂರಿನ ಖಾನಾವಳಿಗಳಿಗೆ ಕೊಡುತ್ತಾಳೆ. ಜೋಳ ಬೀಸಿಸಲು ಮಾತ್ರ ಊರ ಗಿರಣಿಯ ಮುಂದೆಯೇ ಬಸ್ಸು ಹತ್ತಿ ಉಜ್ಜಿನಿಗೆ ಹೋಗುತ್ತಾಳೆ.

ಹತ್ತನೆಯದು ಮುಗಿದ ಮೇಲೆ ನಾನು ಹರಪನಹಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿದೆ. ಇಂಜಿನ್ನುಗಳ ಮೇಲಿನ ಪ್ರೀತಿಯಿಂದಲ್ಲ. ಆ ಇಂಜಿನ್ ಒಂದು ದಿನ ನಿಲ್ಲುತ್ತದೆ, ಅವತ್ತು ಅದು ಯಾಕೆ ನಿಂತಿತೆಂದು ಊರಿನಲ್ಲಿ ನನಗೊಬ್ಬಳಿಗೇ ಗೊತ್ತಿರಬೇಕು ಅನ್ನುವುದೊಂದೇ ಆಸೆ. ವೈರಿಯ ಮನೆಗೆ ಎಷ್ಟು ಬಾಗಿಲು, ಯಾವ ಕಿಟಕಿಗೆ ಚಿಲಕವಿಲ್ಲ ಎಂದು ನೋಡಿಟ್ಟುಕೊಳ್ಳುವ ಹಾಗೆ ಓದಿದೆ.

ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ಡೀಸೆಲ್ಲಿಗೆ ಬೇಡ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಇಡೀ ಇಂಜಿನ್ ನಿಂತಿರುವುದು ಆ ಬಿಸಿಯ ಮೇಲೆ. ಪಿಸ್ಟನ್ ಕೆಳಗಿಳಿದು ಬರೀ ಗಾಳಿಯನ್ನು ಎಳೆದುಕೊಳ್ಳುತ್ತದೆ, ಮೇಲೇರಿ ಅದನ್ನು ಒಂದು ಮೂಲೆಗೆ ಒತ್ತುತ್ತದೆ. ಒತ್ತಿದ ಗಾಳಿ ಬೆಂಕಿಯಷ್ಟು ಕಾಯುತ್ತದೆ. ಆಗ ಡೀಸೆಲ್ಲನ್ನು ಸಣ್ಣ ತುಂತುರಾಗಿ ಚಿಮ್ಮಿಸಿದರೆ ತಾನೇ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಮತ್ತೆ ಮೇಲೇರುವಾಗ ಹೊಗೆ ಹೊರಗೆ. ಕಡ್ಡಿ ಗೀರುವವರು ಯಾರೂ ಬೇಡ, ಒತ್ತುತ್ತ ಹೋದರೆ ಸಾಕು ಎಂದು ಗೊತ್ತಾದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ.

ಇದಕ್ಕೆ ತನ್ನ ಹೆಸರನ್ನೇ ಕೊಟ್ಟ ಜರ್ಮನಿಯ ಮನುಷ್ಯನಿಗೆ ಉಗಿಯಂತ್ರಗಳು ಕಲ್ಲಿದ್ದಲಿನ ಬಹುಪಾಲು ಶಾಖವನ್ನು ಸುಮ್ಮನೆ ಗಾಳಿಗೆ ಬಿಡುವುದು ಸಹಿಸಲಾಗಲಿಲ್ಲವಂತೆ. ಅವನ ಮೊದಲ ಪ್ರಯೋಗದಲ್ಲಿ ಒತ್ತಡ ಅಳೆಯುವ ಉಪಕರಣ ಸಿಡಿದು ಅವನೇ ಸಾಯುವುದರಲ್ಲಿದ್ದ. ಮೊದಮೊದಲು ಎಣ್ಣೆಯನ್ನು ಒಳಗೆ ಊದಲು ಬೇರೆಯೇ ಒಂದು ದೊಡ್ಡ ಗಾಳಿಯಂತ್ರ ಬೇಕಾಗುತ್ತಿತ್ತು. ಹಾಗಾಗಿ ಈ ಇಂಜಿನ್ನುಗಳು ಕಾರ್ಖಾನೆ, ಹಡಗು ಬಿಟ್ಟು ಹೊರಗೆ ಬರಲಿಲ್ಲ. ಎಣ್ಣೆಯನ್ನೇ ನೇರವಾಗಿ ಚಿಮ್ಮಿಸುವ ಅಂಗೈ ಅಗಲದ ಪಂಪು ಬಂದ ಮೇಲೆಯೇ ಅವು ಲಾರಿಗೆ, ಟ್ರ್ಯಾಕ್ಟರಿಗೆ, ಕಡೆಗೆ ನಮ್ಮ ಅಜ್ಜನ ಗಿರಣಿಗೆ ಬಂದದ್ದು. ಒಮ್ಮೆ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಇಂಥದೊಂದು ಇಂಜಿನ್ನನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರಂತೆ. ಅವ್ವನಿಗೆ ಹೇಳಿದಾಗ, “ನಾವು ಒಗ್ಗರಣಿಗೆ ಚಮಚದಾಗ ಹಾಕ್ತೀವಿ, ಅವರಿಗೆ ಕೊಬ್ಬು” ಅಂದಳು.

ಇಷ್ಟೆಲ್ಲದರ ನಡುವೆ ನನಗೆ ಬೇಕಾದದ್ದು ಒಂದು ಸಣ್ಣ ಪಾಠದಲ್ಲಿ ಸಿಕ್ಕಿತು. ಟ್ಯಾಂಕಿನ ಮುಚ್ಚಳದ ನಡುವೆ ಸೂಜಿ ತೂರುವಷ್ಟು ಒಂದು ತೂತು ಇರುತ್ತದೆ. ಡೀಸೆಲ್ ಕೆಳಗಿಳಿದಷ್ಟೂ ಅಲ್ಲಿಂದ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನಲ್ಲಿ ಎಷ್ಟೇ ಡೀಸೆಲ್ ಇರಲಿ, ಅದು ಕೆಳಗಿಳಿಯುವುದಿಲ್ಲ. ಅಪ್ಪನ ಹೆಬ್ಬೆರಳು, ಅವ್ವನ ಸೆರಗು ಒರೆಸುತ್ತಿದ್ದದ್ದು ಅದನ್ನೇ. ಅವತ್ತು ನಾನು ಯಾರಿಗೂ ಏನೂ ಹೇಳಲಿಲ್ಲ.

ಈಗ ನಾನು ಊರಿನಿಂದಲೇ ದಿನಾ ಓಡಾಡುತ್ತ ಹಗರಿಬೊಮ್ಮನಹಳ್ಳಿಯಲ್ಲಿ ಟ್ರ್ಯಾಕ್ಟರ್ ಸರ್ವಿಸ್ ಮಾಡುವ ಕಡೆ ಕೆಲಸ ಮಾಡುತ್ತೇನೆ. ದೊಡ್ಡಪ್ಪ ಬಹಳ ಹಿಂದೆಯೇ ಗಿರಣಿಗೆ ಕರೆಂಟಿನ ಮೋಟಾರು ಹಾಕಿಸಿದ್ದ. ಇಂಜಿನ್ ಪೂಜೆಗಷ್ಟೇ ಉಳಿದಿತ್ತು. ಹೋದ ವರ್ಷ ಎಳ್ಳಮಾವಾಸ್ಯೆಗೆ ನಾಲ್ಕು ದಿನವಿರುವಾಗ ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟು ಕರೆಂಟು ಹೋಯಿತು. ಹಬ್ಬದ ದಿನ ಹೊಲದಲ್ಲಿ ಚರಗ, ಅಂದರೆ ಭೂತಾಯಿಗೆ ಅಡುಗೆಯ ಎಡೆ, ಚೆಲ್ಲಲು ಮನೆಮನೆಗೂ ಸಜ್ಜೆ, ಜೋಳದ ಹಿಟ್ಟು ಬೇಕು. ದೊಡ್ಡಪ್ಪ ಇಂಜಿನ್ನಿಗೆ ಡೀಸೆಲ್ ಹಾಕಿದ. ಹಬ್ಬಕ್ಕೆ ಎರಡು ದಿನ ಉಳಿದಿರುವಾಗ ಸಂಜೆ ಅವನಿಂದ ಫೋನು ಬಂತು. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

“ನೀ ಟ್ರ್ಯಾಕ್ಟರ್ ರಿಪೇರಿ ಮಾಡ್ತೀಯಂತಲ್ಲವ್ವ. ಒಂದೀಟು ಬಂದು ನೋಡು. ಕೂಡ್ಲಿಗಿ ಮೇಸ್ತ್ರಿ ಚಾಲೂ ಮಾಡಿ ಹೋದ, ಅವನ ಬೆನ್ನಿಗೇ ನಿಂತೋತು.”

“ಬೆಳಿಗ್ಗೆ ಬರ್ತೀನ್ರಿ ದೊಡ್ಡಪ್ಪ,” ಅಂದೆ.

ಬೆಳಿಗ್ಗೆ ಅವ್ವನಿಗೆ ಉಜ್ಜಿನಿಯಲ್ಲಿ ಜೋಳ ಬೀಸಿಸಿಕೊಂಡು ಬರೋಣ ಎಂದು ಹೇಳಿ, ಚೀಲದ ಸಮೇತ ಸ್ಕೂಟಿಯ ಹಿಂದೆ ಕೂರಿಸಿಕೊಂಡು, ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅವ್ವ ಇಳಿಯಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಅಲ್ಲಿಂದ ಗಿರಣಿಯ ಬಾಗಿಲು ಕಾಣುತ್ತದೆ, ಅಷ್ಟು ಸಾಕಿತ್ತು.

ಒಳಗೆ ಬುಟ್ಟಿ, ಡಬ್ಬಿಗಳ ಪಾಳಿ ಬಾಗಿಲವರೆಗೂ ಇತ್ತು. ಪಾಳಿಯ ಮೊದಲಿಗೆ ನಮ್ಮ ಓಣಿಯ ಒಬ್ಬ ಮುದುಕಿ ಕೂತಿದ್ದಳು. ನಾನು ಟ್ಯಾಂಕಿನ ಕಡೆ ನೋಡಿದೆ. ಪ್ರತಿ ಆಯುಧಪೂಜೆಗೂ ಒಂದು ಕೈ ಬಣ್ಣ, ಅದರ ಮೇಲೆ ವರ್ಷವಿಡೀ ಹಚ್ಚಿದ ವಿಭೂತಿ. ಮುಚ್ಚಳ ಸುಣ್ಣದ ಗೋಡೆಯಂತೆ ಗಟ್ಟಿಯಾಗಿತ್ತು. ನೋಡಿದ ಕೂಡಲೇ ತಿಳಿಯಿತು. ನನ್ನ ಎದೆ ತಣ್ಣಗಾಯಿತು.

“ಚಾಲೂ ಮಾಡ್ರಿ, ನೋಡೋಣ,” ಅಂದೆ.

ದೊಡ್ಡಪ್ಪ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ತಿರುಗಿಸಿದ. ಚಕ್ರಕ್ಕೆ ವೇಗ ಬಂತು, ಇಂಜಿನ್ ಕೆಮ್ಮಿ ಹೊತ್ತಿಕೊಂಡಿತು. ಮುದುಕಿಯ ಸಜ್ಜೆ ಅರ್ಧ ಇಳಿಯುವಷ್ಟರಲ್ಲಿ ಏದುಸಿರು ಬಿಟ್ಟು ನಿಂತಿತು. ಅವನು ಮುಚ್ಚಳ ತೆಗೆದು ಇಣುಕಿದ, ಡೀಸೆಲ್ ಇತ್ತು. ಆದರೂ ಕಂಠಮಟ್ಟ ತುಂಬಿಸಿದ. ಮುಚ್ಚಳ ತೆಗೆದಾಗ ಒಳಹೊಕ್ಕ ಗಾಳಿಯ ಮೇಲೆ ಇಂಜಿನ್ ಸ್ವಲ್ಪ ಹೊತ್ತು ಓಡುತ್ತದೆ; ತುಂಬಿದಷ್ಟೂ ಒಳಗೆ ಗಾಳಿಯ ಜಾಗ ಕಡಿಮೆ, ಇಂಜಿನ್ ನಿಲ್ಲುವುದು ಇನ್ನೂ ಬೇಗ. ನಾನು ಹೇಳಲಿಲ್ಲ.

“ಇನ್ನೊಮ್ಮೆ ಮಾಡ್ರಿ.”

ಪಂಪಿನೊಳಗಿನ ಗಾಳಿ ಬಿಡಿಸಿ ಮತ್ತೆ ತಿರುಗಿಸಿದ. ಮತ್ತೆ ನಿಂತಿತು. ನಿಂತಾಗಲೆಲ್ಲ ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆಯುತ್ತ ಹೋದೆ. ನಾಲ್ಕು ಗೆರೆಯಾಗುವಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕನಿಕರ ಬರಬಹುದೆಂದು ಕಾದೆ. ಬರಲಿಲ್ಲ.

“ನಾಳಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಬೇಕಪ,” ಅಂದಳು ಮುದುಕಿ. “ಹಿಟ್ಟಾಗಲಿಲ್ಲಂದ್ರ ನಿನ್ನ ಇಂಜಿನ್ನಾ ಒಯ್ದು ಚೆಲ್ಲಿ ಬರ್ತೀವಿ ನೋಡು.”

ಜನ ನಕ್ಕರು. ದೊಡ್ಡಪ್ಪ ಶಲ್ಯದಿಂದ ಮುಖ ಒರೆಸಿಕೊಳ್ಳುತ್ತ ಬೇವಿನ ಮರದ ಕಡೆ ನೋಡಿದ. “ಯಾರ ಕಣ್ಣು ಬಿದ್ದೈತೋ ಏನೋ,” ಅಂದ.

ಐದನೆಯ ಸಲವೂ ತಿರುಗಿಸಲು ಹೇಳಿದೆ. ನಿಂತ ಮೇಲೆ ಮುಚ್ಚಳಕ್ಕೆ ಕೈ ಹಾಕಲು ಬಂದವನನ್ನು ತಡೆದೆ. ಅವ್ವ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದಳು.

“ದೊಡ್ಡಪ್ಪ,” ಅಂದೆ, “ಇದರ ಹಣಿ ಅಳಿಸಬೇಕ್ರಿ.”

“ಏನಂದಿ?”

“ಮುಚ್ಚಳದಾಗ ಗಾಳಿಗೆ ಒಂದು ತೂತು ಐತ್ರಿ. ವಿಭೂತಿ ಮೆತ್ತಿ ಮೆತ್ತಿ ಮುಚ್ಚೈತಿ. ಅದಕ್ಕ ಡೀಸೆಲ್ ಇಳಿವಲ್ದು. ನಮ್ಮವ್ವ ದಿನಾ ಒರೆಸ್ತಿದ್ದದ್ದು ಅದನ್ನ.”

ಅವತ್ತು ತಲೆಯಾಡಿಸಿದವರಲ್ಲಿ ಇಬ್ಬರು ಅಲ್ಲಿದ್ದರು. ಅವರ ಮುಖವನ್ನು ಬೇಕೆಂದೇ ನೋಡಿದೆ.

“ಹಂಗಾರ ಒರೆಸವ್ವ ನೀನ,” ಅಂದ ದೊಡ್ಡಪ್ಪ.

“ನಾ ಒಲ್ಲೆರಿ. ಒರೆಸಿದವರಿಗೆ ನೀವು ಏನಂತೀರಿ ಅಂತ ನನಗ ಗೊತ್ತೈತಿ.”

ಅವ್ವನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಮುದುಕಿ ದೊಡ್ಡಪ್ಪನ ಕಡೆ ತಿರುಗಿದಳು.

“ಒರೆಸೋ ಮಾರಾಯ. ಕೈ ಏನ್ ಸವೀತಾವೇನು?”

ಅವನು ಶಲ್ಯದಿಂದ ತಿಕ್ಕಿದ. ಹೋಗಲಿಲ್ಲ. ಉಗುರಿನಿಂದ ಕೆರೆದ, ಬಣ್ಣದ ಹಕ್ಕಳೆ ಎದ್ದಿತು. ನಾನು ದುಪ್ಪಟ್ಟದ ಪಿನ್ನು ಬಿಚ್ಚಿ ಕೊಟ್ಟೆ. ಬಗ್ಗಿ ನಿಂತು, ಕಣ್ಣು ಕಿರಿದು ಮಾಡಿ, ಅಷ್ಟು ಜನರ ಮುಂದೆ ಇಂಜಿನ್ನಿನ ಹಣೆಯನ್ನು ಅವನೇ ಚುಚ್ಚಿ ಚುಚ್ಚಿ ಅಳಿಸಿದ. ಒಂದು ಸಲ ‘ಸುಂಯ್’ ಎಂದು ಟ್ಯಾಂಕು ಉಸಿರೆಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು.

ಆರನೆಯ ಸಲ ಹೊತ್ತಿಕೊಂಡ ಇಂಜಿನ್ ನಿಲ್ಲಲಿಲ್ಲ. ಮುದುಕಿಯ ಸಜ್ಜೆ ಪೂರ್ತಿ ಹಿಟ್ಟಾಯಿತು.

“ಒಳಗ ಬಾರವ್ವ,” ಅಂದ ದೊಡ್ಡಪ್ಪ, ಅವ್ವನ ಮುಖ ನೋಡದೆ. “ನಿನ್ನ ಜೋಳ ಮುಂಚೆ ಹಾಕ್ತೀನಿ.”

“ಬ್ಯಾಡ ಬಿಡ್ರಿ ಭಾವಾರ,” ಅಂದಳು ಅವ್ವ. “ನಮ್ಮದು ಉಜ್ಜಿನ್ಯಾಗ ಆಕ್ಕತಿ.”

ಉಜ್ಜಿನಿಯ ದಾರಿಯಲ್ಲಿ ಅರ್ಧ ದೂರ ಬಂದೆವು. ಅವ್ವ ಕೇಳಿದಳು, “ಐದು ಸಲ ತಿರುಗಿಸೋದಿತ್ತೇನು, ವಯಸ್ಸಾದವರ ಕೈಲೆ?”

“ಹೂಂ, ಇತ್ತು.”

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಅವಳು ನಕ್ಕದ್ದು ಗೊತ್ತಾಯಿತು. “ಹ್ಯಾಂಡಲ್ ಹಿಡಿಯೋದು ಅವರಿಗೆ ಇನ್ನೂ ಬಂದಿಲ್ಲ ನೋಡು,” ಅಂದಳು.

ಹೊಸ ಟಿಸಿ ಬಂದಿದೆ. ಆದರೂ ಹಗಲು ಕರೆಂಟು ಹೋಗುವುದು ತಪ್ಪಿಲ್ಲ, ಹಾಗಾಗಿ ಇಂಜಿನ್ ಸದಾ ಸಿದ್ಧವಾಗಿರಬೇಕು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ದೊಡ್ಡಪ್ಪ ವಿಭೂತಿ ಹಚ್ಚುತ್ತಿರುತ್ತಾನೆ. ನಾನು ಬೇವಿನ ಮರದ ಕೆಳಗೆ ಸ್ಕೂಟಿ ನಿಲ್ಲಿಸುತ್ತೇನೆ. ನನ್ನನ್ನು ನೋಡಿ ಅವನ ಕೈ ಒಂದು ಗಳಿಗೆ ತಡೆಯುತ್ತದೆ. ಅವನು ಶಲ್ಯದ ತುದಿಯಿಂದ ಮುಚ್ಚಳ ಒರೆಸುವವರೆಗೂ ನಿಂತು ನೋಡಿ, ಆಮೇಲೆ ಹೊರಡುತ್ತೇನೆ.