ಇಬ್ಬರದೂ ಒಂದೇ ತಪ್ಪು ಉತ್ತರ

ಶನಿವಾರಗಳಂದು ರಾಮಮೂರ್ತಿ ನಗರದ ಒಂದು ಟ್ಯೂಷನ್ನಿನಲ್ಲಿ ಗಣಿತದ ಉತ್ತರಪತ್ರಿಕೆ ತಿದ್ದುತ್ತೇನೆ. ಮೊನ್ನೆ ಮೂರು ಪತ್ರಿಕೆಗಳಲ್ಲಿ ಒಂದೇ ತಪ್ಪು ಉತ್ತರ ಸಿಕ್ಕಿತು: x = −1, y = 6. ಕೆಂಪು ಪೆನ್ನು ಹಾಗೇ ನಿಂತಿತು. ಈ ಉತ್ತರ ನನಗೆ ಹಳೆಯ ಪರಿಚಯ.

ಹಲಸೂರಿನಲ್ಲಿ ಮುನಿಸ್ವಾಮಿ ಮೇಷ್ಟ್ರು ತಮ್ಮ ಮನೆಯ ಮಹಡಿಯಲ್ಲಿ ಹತ್ತನೇ ತರಗತಿಯಲ್ಲಿದ್ದ ನಮಗೆ ಪಾಠ ಹೇಳುತ್ತಿದ್ದರು. ಒಂದು ಸಮೀಕರಣದಿಂದ ಇನ್ನೊಂದನ್ನು ಕಳೆಯುವ ವರ್ಜಿಸುವ ವಿಧಾನವೆಂದರೆ ಅವರಿಗೆ ಪೂಜೆಯಿದ್ದಂತೆ. 2x + 3y = 16; ಅದರಡಿ 2x − y = 8. ಕಳೆಯುವ ಮೊದಲು ಕೆಳಗಿನ ಸಾಲಿನ ಒಂದೊಂದು ಪದದಡಿಯೂ ಬದಲಾದ ಚಿಹ್ನೆಯನ್ನು ಬರೆದು ಅದರ ಸುತ್ತ ಸೊನ್ನೆ ಎಳೆಯಬೇಕು. ಆಗ x ಹೋಗಿ y ಉಳಿಯುತ್ತದೆ. ಬೇಸರವಾಯಿತೇ? ಇನ್ನು ಲೆಕ್ಕ ಹೆಚ್ಚಿಲ್ಲ, ಕೂತಿರಿ.

ಸೆಲ್ವಿ ನನ್ನ ಪಕ್ಕ ಕೂರುತ್ತಿದ್ದಳು. ಶಾಲೆಯ ಚರ್ಚಾ ಸ್ಪರ್ಧೆಗಳಲ್ಲೂ ನಮ್ಮದೇ ಜೋಡಿ. ಅವಳು ಚೀಟಿಯಲ್ಲಿ ಪಾಯಿಂಟ್ ಬರೆದು ತಳ್ಳುತ್ತಿದ್ದಳು. ನಾನು ಎದ್ದು ಮಾತಾಡಿ ಚಪ್ಪಾಳೆ ತಗೊಳ್ಳುತ್ತಿದ್ದೆ. ಪಾಯಿಂಟ್ ಯಾರದೆಂದು ನಾನು ಎಲ್ಲೂ ಹೇಳಿದವಳಲ್ಲ.

ಪರೀಕ್ಷೆಗೆ ತಿಂಗಳಿದ್ದಾಗ ಮೇಷ್ಟ್ರು ಇದೇ ಲೆಕ್ಕವನ್ನು ಟೆಸ್ಟಿಗೆ ಕೊಟ್ಟರು. ಬರಬೇಕಿದ್ದದ್ದು 5, 2. ನಮ್ಮಿಬ್ಬರಿಗೂ ಬಂದದ್ದು −1, 6.

"ಕಾಪಿ ಹೊಡೆದೋರು ಯಾರು? ಅವರು ಇವತ್ತೇ ಟ್ಯೂಷನ್ ಬಿಡ್ಬೇಕು."

"ಯಾರೂ ಹೊಡ್ದಿಲ್ಲ ಸಾರ್. ಇಬ್ರೂ ಒಂದೇ ಕಡೆ ತಪ್ಪಿದ್ದೀವಿ, ಅಷ್ಟೇ," ಎಂದಳು ಸೆಲ್ವಿ.

ನಾನು ಎದ್ದು ನಿಂತೆ. "ಸಾರ್, ಸರಿ ಉತ್ತರ ಒಂದೇ ಇರೋದು, ಇಬ್ರಿಗೂ ಬರಬಹುದು. ತಪ್ಪು ಉತ್ತರ ಸಾವಿರ ಇರುತ್ತೆ. ಇಬ್ರಿಗೂ ಅದೇ ಹೇಗೆ ಬರುತ್ತೆ? ನಾನಂತೂ ಅವಳ ಹಾಳೆ ನೋಡಿಲ್ಲ."

"ಲಾಯರ್ ಆಗ್ತೀಯ ಕಣೇ ನೀನು," ಎಂದರು ಮೇಷ್ಟ್ರು. ಸೆಲ್ವಿಯ ಹೆಸರು ಹೊಡೆದು ಹಾಕಿದರು.

ನಾನು ಅದನ್ನು ನಂಬಿದ್ದೆನೇ? ನಂಬುವ ಅಗತ್ಯವೇ ಬಿದ್ದಿರಲಿಲ್ಲ. ನಮ್ಮ ಚರ್ಚೆಗಳಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ಕೊಡುತ್ತಿದ್ದರು. ಸಿಕ್ಕ ಕಡೆ ನಿಂತು ಗೆಲ್ಲುವುದಷ್ಟೇ ನಾನು ಕಲಿತದ್ದು.

ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಸೆಲ್ವಿ ಅಂದಳು: "ಚೆನ್ನಾಗಿ ಮಾತಾಡ್ದೆ ಮಗಾ. ಮೊದಲನೇ ಸಲ ನಿನ್ನದೇ ಸ್ವಂತ ಪಾಯಿಂಟು."

ಆ ವರ್ಷ ಅವಳು ಗಣಿತದಲ್ಲಿ ಫೇಲಾದಳು. ಈಚೆಗೆ ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ಕಂಡಳು. ನನ್ನನ್ನು ನೋಡಿ ಪಕ್ಕದ ಬೋಗಿ ಹತ್ತಿದಳು.

ಮೊನ್ನೆಯ ಮೂವರಲ್ಲಿ ಒಬ್ಬ ಬೆಳಗಿನ ಬ್ಯಾಚು, ಒಬ್ಬಳು ಸಂಜೆಯದು, ಇನ್ನೊಬ್ಬ ಜ್ವರದಿಂದ ಮಲಗಿ ಎರಡು ದಿನ ತಡವಾಗಿ ಬೇರೆ ಕೂತು ಬರೆದವನು. ಅದೇ ಲೆಕ್ಕದಲ್ಲಿ ಮೂವರೂ ಎಡಗಡೆಯ ಚಿಹ್ನೆ ಬದಲಿಸಿ, ಸಮ ಚಿಹ್ನೆಯ ಆಚೆಗಿದ್ದ ಎಂಟರದನ್ನು ಬದಲಿಸಲು ಮರೆತಿದ್ದರು. ಸಾವಿರ ತಪ್ಪುಗಳೇನೂ ಇರಲಿಲ್ಲ. ಎಲ್ಲರೂ ಎಡವುವ ಜಾಗ ಅದೊಂದೇ.

ಟ್ಯೂಷನ್ ನಡೆಸುವ ಮೇಡಂ ಬಗ್ಗಿ ನೋಡಿದರು. "ಕಾಪೀನಾ? ಮನೆಗೆ ಫೋನ್ ಮಾಡ್ಲಾ?"

"ಇಲ್ಲ ಮೇಡಂ. ಒಂದೇ ಕಡೆ ತಪ್ಪಿದ್ದಾರೆ, ಅಷ್ಟೇ."

"ಹೌದಾ? ಸರಿ ಬಿಡಿ," ಎಂದು ಅವರು ಕಾಫಿ ತರಲು ಹೋದರು.

ಅಷ್ಟೇ ಸಾಕಾಯಿತು. ಅದೂ ಸೆಲ್ವಿಯದೇ ಪಾಯಿಂಟು, ಈ ಸಲವೂ ಅವಳ ಹೆಸರು ಹೇಳಲಿಲ್ಲ. ಮೂರೂ ಹಾಳೆಗಳಲ್ಲಿ ಎಂಟರ ಕೆಳಗೆ ಕಳೆಯುವ ಚಿಹ್ನೆ ಬರೆದು ಅದರ ಸುತ್ತ ಸೊನ್ನೆ ಎಳೆದೆ.